ಎಲ್ಲಿಂದಲೋ ಬಂದ ಬಾಣ

ಸೋಮವಾರ, 13 ಅಕ್ಟೋಬರ್ 2025, ರಾತ್ರಿ

ನಿದ್ದೆ ಬರುತ್ತಿಲ್ಲ. ಬರೆದೇ ಮಲಗುತ್ತೇನೆ.

ನಿನ್ನೆಯ ಆಟದಲ್ಲಿ ಅಕ್ಕನ ಮಗ ಪುಟ್ಟನ ಪಾತ್ರ, ಒಬ್ಬ ಫೈಟರ್ (ಕಾದಾಡುವ ಯೋಧ), ಸಾಯುವುದರಲ್ಲಿದ್ದ, ಹೇಗೋ ಉಳಿದ. ಬೇಜಾರು ಅದಕ್ಕಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ನಾನು ಕಥೆ ಹೇಳಿ ಶತ್ರುಗಳನ್ನು ಆಡಿಸುವ, ಉಳಿದವರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸುವ ಆಟ. ಅದರಲ್ಲಿ ಪಾತ್ರಗಳು ಬೀಳುತ್ತವೆ, ಏಳುತ್ತವೆ, ಕೆಲವು ಏಳುವುದೇ ಇಲ್ಲ. ಅದು ಅವನಿಗೂ ಗೊತ್ತು. ಆದರೆ ಆಟ ಮುಗಿದ ಮೇಲೆ ಅವನು ಡೈಸ್‌ಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಒಂದೂ ಮಾತಾಡದೆ ಕೈ ತೊಳೆಯಲು ಎದ್ದುಹೋದ. ಮುಂದಿನ ವಾರ ಏನಾಗುತ್ತೆ ಮಾಮ ಅಂತ ಬೆನ್ನು ಹತ್ತುವ ಹುಡುಗ.

ಆಗಿದ್ದು ಇಷ್ಟು. ಕಾಡಿನ ದಾರಿ, ಮುರಿದ ಗಾಡಿ, 80 ಅಡಿ ದೂರದ ಮರಗಳ ಹಿಂದೆ ಕುಳ್ಳ ರಾಕ್ಷಸರಂಥ ನಾಲ್ಕು ಗಾಬ್ಲಿನ್‌ಗಳು, ಕೈಯಲ್ಲಿ ಚಿಕ್ಕ ಬಿಲ್ಲು. ಅವುಗಳಿಗೆ ಸ್ಟೆಲ್ತ್, ಅಂದರೆ ಅಡಗುವ ಅಂಕ, 17 ಬಿತ್ತು. ನಮ್ಮ ಗುಂಪಿನಲ್ಲಿ ಯಾರ ಪ್ಯಾಸಿವ್ ಪರ್ಸೆಪ್ಶನ್ (ಹುಡುಕದೆಯೇ ಗಮನಿಸುವ ಅಂಕ) ಕೂಡ 14 ದಾಟುವುದಿಲ್ಲ, ಪುಟ್ಟನದು ಬರೀ 11. ನಾವಿನ್ನೂ 2014ರ ನಿಯಮದಲ್ಲೇ ಆಡುವುದು, ಅದರಲ್ಲಿ ಹೊಂಚು ಗೊತ್ತಾಗದವರು ಮೊದಲ ಸುತ್ತು ಏನೂ ಮಾಡುವಂತಿಲ್ಲ. ಹಾಗಾಗಿ ಮೊದಲ ಸುತ್ತು ಎಲ್ಲರೂ ಸರ್‌ಪ್ರೈಸ್, ಕೈಕಟ್ಟಿ ಕೂತರು. ಆಮೇಲೆ ಗಾಬ್ಲಿನ್ ಬಾಣ ಬಿಡುವುದು, ಅದೇ ಸರದಿಯಲ್ಲಿ ಸಿಗುವ ಬೋನಸ್ ಆಕ್ಷನ್‌ನಲ್ಲಿ ಮತ್ತೆ ಅಡಗುವುದು, ಇದೇ ನಡೆಯಿತು. ಪುಟ್ಟ ಒಂದು ಸಲ ಮರಗಳ ಕಡೆ ಓಡಿದ, ಅಲ್ಲಿ ಯಾರೂ ಇಲ್ಲ. ಒಂದು ಸಲ ಹುಡುಕಿದ, ಡೈಸ್ 4 ಬಿತ್ತು. ನಾಲ್ಕನೇ ಸುತ್ತಿನಲ್ಲಿ ನೆಲಕ್ಕೆ ಬಿದ್ದ. ಗುಂಪಿನ ಕ್ಲೆರಿಕ್ (ಗಾಯ ವಾಸಿ ಮಾಡುವ ಪಾತ್ರ) ಬಂದು ಎಬ್ಬಿಸಿದಳು. ಗಾಡಿ ಬಿಟ್ಟು ಓಡಿದರು.

ನಾನು ಒಂದೂ ನಿಯಮ ತಪ್ಪಿಲ್ಲ ಅಂದುಕೊಂಡಿದ್ದೆ.

ಇವತ್ತು ಸಂಜೆ ಆಫೀಸಿನಿಂದ ಸೀದಾ ಅಕ್ಕನ ಮನೆಗೆ ಹೋದೆ. ಮಳೆ ಬೇರೆ. ಪುಟ್ಟ ಹೋಂವರ್ಕ್ ಮಾಡುತ್ತಿದ್ದ. ಪಕ್ಕದಲ್ಲಿ ಕೂತು, ನಿನ್ನೆಯದು ಬೇಜಾರಾಯ್ತಾ ಅಂತ ಕೇಳಿದೆ. ಇಲ್ಲ ಅಂದ. ಸ್ವಲ್ಪ ಹೊತ್ತು ಬಿಟ್ಟು ತಲೆ ಎತ್ತದೆಯೇ ಕೇಳಿದ.

"ಮಾಮ, ನೀನು ಪ್ರತಿ ಸಲ 'ಎಲ್ಲಿಂದಲೋ ಒಂದು ಬಾಣ ಬಂತು' ಅಂದೆ. ಎಲ್ಲಿಂದಲೋ ಅಂದ್ರೆ ಎಲ್ಲಿಂದ?"

ಅವು ಅಡಗಿದ್ದವಲ್ಲೋ, ನಿನಗೆ ಹೇಗೆ ಕಾಣಬೇಕು ಅಂದೆ.

"ಗಾಬ್ಲಿನ್ ಕಾಣ್ಬೇಡ. ಬಾಣ ಕಾಣ್ಬೇಕಲ್ವಾ?"

ಎದ್ದುಹೋಗಿ ದೇವರ ಮುಂದಿದ್ದ ಬಾಳೆಹಣ್ಣು ತಂದ, ಬೆಳಿಗ್ಗೆ ಚುಚ್ಚಿದ್ದ ಊದುಬತ್ತಿಯ ಕಡ್ಡಿ ಸಮೇತ. ಉರಿದು ಮುಗಿದು ಬರೀ ಕಡ್ಡಿ ಉಳಿದಿತ್ತು. ಹಣ್ಣನ್ನು ಮೇಜಿನ ಮೇಲೆ ಇಟ್ಟ. "ಇದು ನನ್ನ ಗುರಾಣಿ. ಕಡ್ಡಿ ಬಾಲ ಯಾವ ಕಡೆ ಇದೆ ನೋಡು." ಬಾಲ ಕಿಟಕಿಯ ಕಡೆ, ಸ್ವಲ್ಪ ಮೇಲಕ್ಕೆ ಇತ್ತು. "ಹಂಗಾದ್ರೆ ಹೊಡೆದೋನು ಕಿಟಕಿ ಕಡೆ, ಮರದ ಮೇಲೆ. ನೀನು ಅಷ್ಟು ಹೇಳಿದ್ರೆ ಸಾಕಿತ್ತು."

ನನಗೆ ಮಾತೇ ಹೊರಡಲಿಲ್ಲ. ಅವನು ಹೇಳಿದ್ದು ನಿಯಮದಲ್ಲೂ ಇದೆ. ಅಡಗಿದ್ದವನು ಬಾಣ ಬಿಟ್ಟ ಕೂಡಲೇ, ತಾಗಲಿ ಬಿಡಲಿ, ಅವನ ಜಾಗ ಬಯಲಾಗುತ್ತದೆ. ಮತ್ತೆ ಅಡಗಬಹುದು, ಸರಿ. ಆದರೆ ಬಾಣ ಬಿಟ್ಟಾಗ ಎಲ್ಲಿದ್ದ ಅನ್ನುವುದು ಎದುರಿನವರಿಗೆ ಗೊತ್ತಿರಲೇಬೇಕು. ಅಲ್ಲಿಂದ ಒಂದು ಸರದಿಯಲ್ಲಿ 30 ಅಡಿಗಿಂತ ಜಾಸ್ತಿ ಸರಿದಿರಲಾರ. ಹುಡುಕುವ ಜಾಗ ಅಷ್ಟಕ್ಕೆ ಇಳಿಯುತ್ತದೆ. ನಾನು ಒಂದೇ ಒಂದು ಪದದಲ್ಲಿ, ಆ "ಎಲ್ಲಿಂದಲೋ" ಅನ್ನುವುದರಲ್ಲಿ, ಅದನ್ನೆಲ್ಲ ನುಂಗಿಹಾಕಿದೆ.

ಇನ್ನೊಂದು ಮಾತು ಹೇಳಿದ, ಅದು ಈಗಲೂ ಚುಚ್ಚುತ್ತಿದೆ. ನಾವು ಗಾಬ್ಲಿನ್‌ಗೆ ಗುರುತಾಗಿ ಮ್ಯಾಪ್ ಮೇಲೆ ಹುಣಸೆ ಬೀಜ ಇಡುವುದು. ಅಡಗಿವೆ ಅಂತ ನಿನ್ನೆ ನಾಲ್ಕೂ ಬೀಜ ನನ್ನ ಮುಷ್ಟಿಯಲ್ಲೇ ಇದ್ದವು. "ನಾನು ಮ್ಯಾಪ್ ನೋಡ್ತಾನೇ ಇರ್ಲಿಲ್ಲ ಮಾಮ. ನಿನ್ನ ಕೈ ನೋಡ್ತಿದ್ದೆ."

ಮನೆಗೆ ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಅವನ ಆರ್ಮರ್ ಕ್ಲಾಸ್ (ಬಾಣ ತಾಗಲು ಮುಟ್ಟಬೇಕಾದ ಅಂಕ) 18, ಗಾಬ್ಲಿನ್‌ನ ಬಾಣಕ್ಕೆ 20 ಮುಖದ ಡೈಸ್ ಮೇಲೆ +4. ಬಯಲಲ್ಲಿ ನಿಂತರೆ ನೂರಕ್ಕೆ 35 ಸಲ ತಾಗುತ್ತದೆ, ಅಡಗಿ ಹೊಡೆದರೆ ಅಡ್ವಾಂಟೇಜ್ (ಎರಡು ಡೈಸ್ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು) ಸೇರಿ 58ರ ಹತ್ತಿರ. ಅದೇ ಅವನು ಗಾಡಿಯ ಮರೆಗೆ ಹೋಗಿ ಮುಕ್ಕಾಲು ಮೈ ಮುಚ್ಚಿಕೊಂಡಿದ್ದರೆ +5 ಸಿಕ್ಕಿ 23 ಆಗುತ್ತಿತ್ತು. ಆಗ ಅಡ್ವಾಂಟೇಜ್ ಇದ್ದರೂ 19 ಸಲ ಮಾತ್ರ. ಸುಮ್ನೆ ನೆಲಕ್ಕೆ ಮಲಗಿದರೂ ದೂರದ ಬಾಣಕ್ಕೆ ಡಿಸ್‌ಅಡ್ವಾಂಟೇಜ್ (ಎರಡರಲ್ಲಿ ಚಿಕ್ಕದು), ಎರಡೂ ವಜಾ ಆಗಿ ಒಂದೇ ಡೈಸ್ ಉಳಿಯುತ್ತದೆ. ಈಟಿ ಹಿಡಿದು, "ಯಾವನಾದ್ರೂ ತಲೆ ಎತ್ತಿದ್ರೆ ಎಸೀತೀನಿ" ಅಂತ ರೆಡಿ ಆಕ್ಷನ್ ತಗೊಳ್ಳಬಹುದಿತ್ತು. ಆಟಕ್ಕೆ ಬಂದು ಮೂರು ತಿಂಗಳಾದ ಹುಡುಗನಿಗೆ ಇದನ್ನೆಲ್ಲ ಹೇಳಬೇಕಾದವನು ನಾನು. ಅವನ ಫೈಟರ್ ಯುದ್ಧ ಕಲಿತವನು, ಅವನಿಗಂತೂ ಗೊತ್ತಿರುತ್ತದೆ, ಅಲ್ವಾ. "ಗಾಡಿಯ ಹಿಂದೆ ಜಾಗ ಇದೆ ಅಂತ ನಿನ್ನ ಕಣ್ಣಿಗೆ ಬಿತ್ತು" ಅನ್ನಲು ನನಗೇನು ಖರ್ಚಿತ್ತು?



ಅಕ್ಕನ ಮನೆಯಲ್ಲಿ ಪುಟ್ಟ ಮಾತಾಡುವಾಗ ಅಮ್ಮ ಅಲ್ಲೇ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ನಾನು ಹೊರಡುವ ಹೊತ್ತಿಗೆ, "ಮರದ ಮರೇಲಿ ನಿಂತ ಮಾತ್ರಕ್ಕೆ ಎಲ್ಲಾ ಕಾಣುತ್ತೇನೋ? ರಾಮನಿಗೇ ಮೊದಲನೇ ಸಲ ವಾಲಿ ಯಾರು ಸುಗ್ರೀವ ಯಾರು ಅಂತ ಗೊತ್ತಾಗಲಿಲ್ಲ. ಸುಗ್ರೀವ ಒದೆ ತಿಂದು ವಾಪಸ್ ಬಂದ. ಆಮೇಲೆ ಕೊರಳಿಗೆ ಬಳ್ಳಿ ಹಾಕಿ ಕಳಿಸಿದ್ದು" ಅಂದಳು.

ಚಿಕ್ಕಂದಿನಿಂದ ಕೇಳಿದ ಕಥೆ. ವಾಲಿಗೆ ಅನ್ಯಾಯ ಆಯ್ತಾ ಇಲ್ಲವಾ ಅಂತ ಮಾತ್ರ ನಾವು ಜಗಳ ಆಡಿದ್ದು. ಬಿಲ್ಲು ಹಿಡಿದು ಮರೆಯಲ್ಲಿ ನಿಂತವನ ಕಷ್ಟದ ಕಡೆ ಗಮನವೇ ಹೋಗಿರಲಿಲ್ಲ. ನನ್ನ ಗಾಬ್ಲಿನ್‌ಗಳಿಗೆ ಎಲೆಗಳ ಸಂದಿಯಿಂದ ಎಲ್ಲವೂ ಕಾಣುತ್ತಿತ್ತು, ಯಾಕೆಂದರೆ ಮ್ಯಾಪ್ ನೋಡುತ್ತಿದ್ದವನು ನಾನು. ಹಾಗಿರಬಾರದು. ಅವುಗಳಿಗೂ ಕೊಂಬೆ ಅಡ್ಡ ಬರಬೇಕು. ಪುಟ್ಟನ ಗುಂಪಿನವರು ಕಂಬಳಿ ಹೊದ್ದು ಜಾಗ ಬದಲಾಯಿಸಿಕೊಂಡರೆ ಗೊಂದಲ ಆಗಬೇಕು. ಹಸಿ ಎಲೆಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಿದರೆ ಎರಡೂ ಕಡೆಯವರು ಕುರುಡರಾಗಬೇಕು.

ಭಾನುವಾರಕ್ಕೆ ಅದೇ ನಾಲ್ಕು ಗಾಬ್ಲಿನ್‌ಗಳನ್ನು ಮತ್ತೆ ತರುತ್ತೇನೆ. ಈ ಸಲ ಕಾಡು ಬೇಡ, ಆನೆಗುಂದಿಯಲ್ಲಿ ನೋಡಿದಂಥ ಬಂಡೆಗಳ ರಾಶಿ. ಬಾಣ ಬಿಟ್ಟ ಜಾಗದಲ್ಲಿ ಬೀಜ ಇಟ್ಟುಬಿಡುತ್ತೇನೆ, ಗಾಬ್ಲಿನ್ ಸರಿದರೂ ಬೀಜ ಅಲ್ಲೇ ಇರಲಿ. ಅಂದಾಜು ಮಾಡುವುದು ಅವರಿಗೆ ಬಿಟ್ಟದ್ದು. ಹುಡುಕಿದಾಗ ಡೈಸ್ ಕೆಟ್ಟರೂ ಬರಿಗೈ ಬೇಡ, ಜಾರಿದ ಒಂದು ಕಲ್ಲಿನ ಸದ್ದಾದರೂ ಸಿಗಲಿ. ಬಂಡೆ ಅಂದಮೇಲೆ ನೆರಳೂ ಬೀಳುತ್ತದೆ. ಸಾಯಂಕಾಲ ನಾಲ್ಕು ಗಂಟೆ ಅಂತ ಇಟ್ಟುಕೊಂಡರೆ, ದಾರಿ ಪಶ್ಚಿಮಕ್ಕೆ ಹೋದರೆ ಬಿಸಿಲು ಇವರ ಕಣ್ಣಿಗೇ ಹೊಡೆಯುತ್ತದೆ, ಆದರೆ ಬಿಲ್ಲಿನವನ ನೆರಳು ಉದ್ದಕ್ಕೆ ಇವರ ಕಡೆಗೇ ಚಾಚುತ್ತದೆ, ಹಾಗಾದರೆ ಪುಟ್ಟ ನೆಲ ನೋಡುತ್ತೀನಿ ಅಂದ ಕೂಡಲೇ…