ದೊಡ್ಡ ಬ್ರೇಕ್ ಡಿಸ್ಕ್ ಹಾಕಿಸಿದರೆ ಪಿಕಪ್ ಬೇಗ ನಿಲ್ಲುತ್ತಾ?

"ಕಾಕಾ, ದೊಡ್ಡ ಡಿಸ್ಕ್ ಹಾಕ್ಸಿದ್ರ ಗಾಡಿ ಲಗೂನ ನಿಂದರ್ತೈತೇನ್ರಿ?"

ವಾರಕ್ಕೆ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಬೆಳಗಾವಿಯಲ್ಲಿ ನನ್ನದು ಸಣ್ಣ ಗ್ಯಾರೇಜು. ಬರುವವರಲ್ಲಿ ಹೆಚ್ಚಿನವರು ತರಕಾರಿ ತುಂಬಿಕೊಂಡು ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ಪಿಕಪ್ ಡ್ರೈವರ್‌ಗಳು. ಮೊಬೈಲ್ ತೆಗೆದು ತೂತು ಕೊರೆದ ಡಿಸ್ಕಿನ ಫೋಟೋ ತೋರಿಸುತ್ತಾರೆ, ಆ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಕೆಂಪು ಬಣ್ಣದ ಕ್ಯಾಲಿಪರ್ ತೋರಿಸುತ್ತಾರೆ. ಕೈಯಲ್ಲಿ ಗ್ರೀಸ್ ಹಿಡಿದುಕೊಂಡು ಎರಡು ಮಾತಿನಲ್ಲಿ ಹೇಳಿದರೆ ಅವರಿಗೆ ಸಮಾಧಾನ ಆಗುವುದಿಲ್ಲ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ರಸ್ತೆಗೆ ಎಮ್ಮೆ ಅಡ್ಡ ಬಂತು, ಒಂದೇ ಸಲ ಜೋರಾಗಿ ಬ್ರೇಕ್ ಒತ್ತಿದಿರಿ ಅಂದುಕೊಳ್ಳಿ. ಅಲ್ಲಿ ದೊಡ್ಡ ಡಿಸ್ಕಿನಿಂದ ಹೆಚ್ಚಿನ ಲಾಭ ಇಲ್ಲ. ಘಾಟ್ ಇಳಿಯುವಾಗ ಇದೆ, ಅದೂ ಬೇರೆ ಕಾರಣಕ್ಕೆ.

ಯಾಕೆ ಅಂದರೆ, ಗಾಲಿಯನ್ನು ನಿಲ್ಲಿಸುವುದು ಬ್ರೇಕ್, ಗಾಡಿಯನ್ನು ನಿಲ್ಲಿಸುವುದು ಟೈರ್. ಜೋರಾಗಿ ಒತ್ತಿದಾಗ ಗಾಲಿ ಲಾಕ್ ಆಗಿ ಜಾರುತ್ತದೆ ಅಥವಾ ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ಪೆಡಲ್ ಕಾಲಿನ ಕೆಳಗೆ ಗಡಗಡ ಅನ್ನುತ್ತದೆ ಅಂದರೆ, ಟೈರಿಗೆ ಎಷ್ಟು ಹಿಡಿತ ಇದೆಯೋ ಅದಕ್ಕಿಂತ ಜಾಸ್ತಿ ಶಕ್ತಿ ನಿಮ್ಮ ಬ್ರೇಕಿಗೆ ಆಗಲೇ ಇದೆ. ಅದರ ಮೇಲೆ ಇನ್ನೂ ದೊಡ್ಡದು ಹಾಕಿದರೆ ಗಾಲಿ ಇನ್ನೂ ಬೇಗ ಲಾಕ್ ಆಗುತ್ತದೆ, ಅಷ್ಟೇ. ಗಾಡಿ ನಿಲ್ಲುವ ಜಾಗ ಹೆಚ್ಚುಕಡಿಮೆ ಅದೇ.

ಲೆಕ್ಕ ನೋಡಿ. ಒಣ ರಸ್ತೆ, ಒಳ್ಳೆಯ ಟೈರ್, ಗಂಟೆಗೆ 60 ಕಿ.ಮೀ. ವೇಗ. ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಸುಮಾರು 20 ಮೀಟರ್ ಬೇಕು. 80ರಲ್ಲಿ ಅದು ಸುಮಾರು 36 ಮೀಟರ್ ಆಗುತ್ತದೆ. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು, ಅದಕ್ಕೇ ಹೀಗೆ. ಇದರಲ್ಲಿ ಕಾಲು ಆಕ್ಸಿಲರೇಟರಿನಿಂದ ಬ್ರೇಕಿಗೆ ಬರುವ ಹೊತ್ತು ಸೇರಿಲ್ಲ. 60ರಲ್ಲಿ ಒಂದು ಸೆಕೆಂಡ್ ತಡವಾದರೆ ಸುಮಾರು 17 ಮೀಟರ್ ಸುಮ್ನೆ ಹೋಯಿತು. ಕಬ್ಬಿನ ಸೀಜನ್‌ನಲ್ಲಿ ಅಥಣಿ, ಜಮಖಂಡಿ ಕಡೆ ರಾತ್ರಿ ಗಾಡಿ ಓಡಿಸಿದವರಿಗೆ ಈ 17 ಮೀಟರ್ ಏನು ಅಂತ ಗೊತ್ತು. ಹಿಂದೆ ಒಂದು ರಿಫ್ಲೆಕ್ಟರ್ ಕೂಡ ಇಲ್ಲದ ಕಬ್ಬಿನ ಟ್ರೇಲರ್ ಹತ್ತಿರ ಬಂದ ಮೇಲೇ ಕಾಣುತ್ತದೆ. ಅಲ್ಲಿ ಯಾವ ಡಿಸ್ಕೂ ಆ 17 ಮೀಟರ್ ವಾಪಸ್ ಕೊಡುವುದಿಲ್ಲ. ವೇಗ ಇಳಿಸಿದರೆ, ಹೆಡ್‌ಲೈಟ್ ಸರಿ ಇದ್ದರೆ ಸಿಗುತ್ತದೆ.

ಹಾಗಾದರೆ ಘಾಟ್‌ನಲ್ಲಿ ಏನು ಬೇರೆ? ಬಿಸಿ.

ಬ್ರೇಕ್ ಅಂದರೆ ಓಟವನ್ನು ಬಿಸಿ ಮಾಡಿ ಹೊರಗೆ ಬಿಡುವ ಸಾಮಾನು. ದೊಡ್ಡ ಡಿಸ್ಕ್ ಆ ಬಿಸಿಯನ್ನು ಜಾಸ್ತಿ ತಡೆದುಕೊಳ್ಳುತ್ತದೆ, ಘಾಟ್‌ನಲ್ಲಿ ಅದರ ಲಾಭ ಇಷ್ಟೇ. ಬೆಳಗಾವಿ ಸಮುದ್ರಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗೋವಾ ಸಮುದ್ರದ ದಂಡೆಯಲ್ಲಿದೆ. ಗಾಡಿ 14 ಮೀಟರ್ ಕೆಳಗೆ ಇಳಿಯಿತು ಅಂದರೆ, 60ರಿಂದ ಒಂದು ಸಲ ಪೂರ್ತಿ ನಿಲ್ಲಿಸಿದಷ್ಟೇ ಬಿಸಿಯನ್ನು ಎಲ್ಲೋ ಒಂದು ಕಡೆ ಕಳೆಯಬೇಕು. ಖಾಲಿ ಗಾಡಿಗೂ ತುಂಬಿದ ಗಾಡಿಗೂ ಈ 14 ಮೀಟರ್ ಒಂದೇ, ಆದರೆ ತುಂಬಿದ ಗಾಡಿಯಲ್ಲಿ ಆ ಒಂದೊಂದು ಸಲದ ಬಿಸಿಯೂ ಜಾಸ್ತಿ. ಘಾಟ್‌ನಲ್ಲಿ 600 ಮೀಟರ್ ಇಳಿದಿರಿ ಅಂತ ಹಿಡಿಯಿರಿ. 60ರಿಂದ ಬರೋಬ್ಬರಿ 40 ಸಲಕ್ಕಿಂತ ಜಾಸ್ತಿ ಗಾಡಿ ನಿಲ್ಲಿಸಿದಂತಾಯಿತು. ಇಂಜಿನ್ ಎಷ್ಟು ಹಿಡಿದುಕೊಳ್ಳುತ್ತದೋ, ಗಾಳಿ ಎಷ್ಟು ತಡೆಯುತ್ತದೋ ಅಷ್ಟು ಕಳೆದು, ಉಳಿದದ್ದೆಲ್ಲ ಮುಂದಿನ ಡಿಸ್ಕಿಗೆ ಒತ್ತುವ ಪ್ಯಾಡ್ ಮತ್ತು ಹಿಂದಿನ ಡ್ರಮ್ಮಿಗೆ ಒತ್ತುವ ಲೈನರ್ ಮೇಲೆ. ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಇಳಿಸುವವರಿದ್ದಾರಲ್ವಾ, ಅವರು ಇಂಜಿನ್ನಿನ ಪಾಲನ್ನೂ ಬ್ರೇಕಿನ ತಲೆಗೇ ಹಾಕುತ್ತಾರೆ. ಡೀಸೆಲ್ ಉಳಿಸಲು ಇಂಜಿನ್ನೇ ಬಂದ್ ಮಾಡಿದರೆ ಇನ್ನೂ ಕೆಟ್ಟದ್ದು. ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಹಗುರ ಮಾಡುವ ಬೂಸ್ಟರಿನ ವ್ಯಾಕ್ಯೂಮ್ ಮುಗಿದು ಪೆಡಲ್ ಕಲ್ಲಿನಂತೆ ಆಗುತ್ತದೆ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಗ್ಯಾರೇಜ್ ಹಾಕುವ ಮೊದಲು ನಾನೂ ಇದೇ ರೋಡಿನಲ್ಲಿ ಕೋಸುಗಡ್ಡೆ, ಹಸಿಮೆಣಸಿನಕಾಯಿ ಹೇರಿಕೊಂಡು ಗಾಡಿ ಓಡಿಸುತ್ತಿದ್ದೆ. ಒಂದು ಸಲ ಮುಂದಿನ ಗಾಲಿಗಳಿಗೆ ದುಬಾರಿ ಪ್ಯಾಡ್ ಹಾಕಿಸಿ ಒಂದು ವಾರ ಆಗಿತ್ತು. ಆ ಧೈರ್ಯದಲ್ಲೇ ಘಾಟ್ ಇಳಿಯುತ್ತಿದ್ದೆ. ಅರ್ಧ ಇಳಿದಿರಬೇಕು, ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಒತ್ತಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಅದರ ಮುಂದಿನ ತಿರುವಿನಲ್ಲಿ ಪೂರ್ತಿ ತಳಕ್ಕೆ. ಹೇಗೋ ಎರಡನೇ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಗೆ ಬಾಡಿ ತಿಕ್ಕಿಸಿ ನಿಲ್ಲಿಸಿದೆ. ಪಕ್ಕದಲ್ಲಿ ಕೂತಿದ್ದ ಕ್ಲೀನರ್ ಹುಡುಗ ಬಹಳ ಹೊತ್ತು ಮಾತೇ ಆಡಲಿಲ್ಲ. ಅರ್ಧ ಗಂಟೆ ಬಿಟ್ಟು ಒತ್ತಿ ನೋಡಿದರೆ ಪೆಡಲ್ ಗಟ್ಟಿಯಾಗಿ ಮೇಲೆ ಬಂದಿತ್ತು, ಏನೂ ಆಗಿಲ್ಲ ಅನ್ನುವ ಹಾಗೆ.

ಪ್ಯಾಡ್ ಹೊಸದು. ಆದರೆ ಬ್ರೇಕ್ ಆಯಿಲ್ ಎಷ್ಟು ವರ್ಷದ್ದೋ ನನಗೇ ಗೊತ್ತಿರಲಿಲ್ಲ. ಪೆಡಲ್ ಒತ್ತಿದ ಶಕ್ತಿಯನ್ನು ಪೈಪಿನ ಮೂಲಕ ಗಾಲಿಗೆ ಮುಟ್ಟಿಸುವ ಈ ಆಯಿಲ್ ಗಾಳಿಯಲ್ಲಿರುವ ನೀರಿನ ಅಂಶ ಹೀರುತ್ತದೆ. ಡಾಟ್ ಅಂದರೆ ಆಯಿಲಿನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ನೀರು ಹೀರಿದ ಮೇಲೆ ಅದು 140ರ ಹತ್ತಿರ ಬರಬಹುದು. ಡಾಟ್ 4ರಲ್ಲಿ ಇದೇ ಲೆಕ್ಕ 230 ಮತ್ತು 155. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ನೀವು ಒತ್ತಿದಾಗ ಗುಳ್ಳೆ ಕುಗ್ಗುತ್ತದೆ, ಗಾಲಿಗೆ ಏನೂ ಮುಟ್ಟುವುದಿಲ್ಲ. ತಣ್ಣಗಾದ ಮೇಲೆ ಗುಳ್ಳೆ ಕರಗಿ ಎಲ್ಲ ಸರಿ ಕಾಣುತ್ತದೆ. ಅದಕ್ಕೇ ಕೆಳಗೆ ಹೋಗಿ ಮೆಕ್ಯಾನಿಕ್‌ಗೆ ತೋರಿಸಿದರೆ "ಏನೂ ಪ್ರಾಬ್ಲೆಮ್ ಇಲ್ಲ" ಅನ್ನುತ್ತಾನೆ. ಎರಡು ವರ್ಷಕ್ಕೊಮ್ಮೆ ಹಳೆಯದನ್ನೆಲ್ಲ ತೆಗೆದು ಹೊಸದು ಹಾಕಿಸಿ ಏರ್ ತೆಗೆಸಿ. ಕೆಲವು ನೂರು ರೂಪಾಯಿಯ ಸಾಮಾನು. ಡಾಟ್ 5 ಅಂತ ಬರುವುದು ಸಿಲಿಕಾನ್, ಅದನ್ನು ಇವುಗಳ ಜೊತೆ ಬೆರೆಸಬೇಡಿ.

ಇನ್ನು ನನಗೆ ನಿಜವಾಗಿ ಚಿಂತೆ ಹಚ್ಚುವ ವಿಷಯ. ನಮ್ಮ ಕಡೆ ಪಿಕಪ್ ತಗೊಂಡ ತಕ್ಷಣ ಹಿಂದಿನ ಸ್ಪ್ರಿಂಗಿಗೆ ಎರಡು ಲೀಫ್ ಪಟ್ಟಿ ಜಾಸ್ತಿ ಹಾಕಿಸುತ್ತಾರೆ, ಜಾಸ್ತಿ ಮಾಲು ಹೇರಲು. ಬಹಳ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಒಂದು ವಾಲ್ವ್ ಇರುತ್ತದೆ, ಎಲ್‌ಎಸ್‌ಪಿವಿ ಅಂತ. ಚಾಸಿಸ್‌ಗೆ ಕೂರಿಸಿರುತ್ತಾರೆ, ಒಂದು ರಾಡ್ ಆಕ್ಸಲ್‌ಗೆ ಹೋಗಿರುತ್ತದೆ. ಲೋಡ್ ಬಿದ್ದು ಹಿಂಭಾಗ ಕೆಳಗೆ ಕುಳಿತರೆ ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಬಿಡುತ್ತದೆ. ಖಾಲಿ ಇದ್ದರೆ ಕಡಿಮೆ ಮಾಡುತ್ತದೆ, ಹಿಂದಿನ ಗಾಲಿ ಲಾಕ್ ಆಗಿ ಬಾಲ ತಿರುಗದಿರಲಿ ಅಂತ. ಈಗ ನೀವು ಪಟ್ಟಿ ಹಾಕಿ ಹಿಂಭಾಗ ಎತ್ತಿದಿರಿ. ಎರಡು ಟನ್ ಹೇರಿದರೂ ಗಾಡಿ ಪೂರ್ತಿ ಕುಳಿತುಕೊಳ್ಳುವುದಿಲ್ಲ. ವಾಲ್ವ್ ಇದು ಅರ್ಧ ಖಾಲಿ ಅಂದುಕೊಳ್ಳುತ್ತದೆ. ಹಿಂದಿನ ಡ್ರಮ್ಮುಗಳು ತಮ್ಮ ಪಾಲಿನ ಕೆಲಸ ಮಾಡುವುದಿಲ್ಲ, ಮುಂದಿನ ಎರಡು ಡಿಸ್ಕ್ ಎಲ್ಲ ಭಾರ ಹೊರುತ್ತವೆ, ಪ್ಯಾಡ್ ಬೇಗ ಸವೆಯುತ್ತದೆ, ಕಾಯುತ್ತದೆ. ಆಮೇಲೆ ನನ್ನ ಹತ್ತಿರ ಬಂದು "ಕಂಪನಿ ಬ್ರೇಕ್ ಸರಿ ಇಲ್ಲ ಕಾಕಾ" ಅನ್ನುತ್ತಾರೆ.

ಕೆಲವರು ಆ ರಾಡನ್ನು ತಂತಿಯಿಂದ ಮೇಲಕ್ಕೆ ಎತ್ತಿ ಕಟ್ಟಿಬಿಡುತ್ತಾರೆ. ಆಗ ಲೋಡ್ ಇದ್ದಾಗ ಪರವಾಗಿಲ್ಲ. ಆದರೆ ಗೋವಾದಿಂದ ಮಳೆಯಲ್ಲಿ ಖಾಲಿ ವಾಪಸ್ ಬರುವಾಗ ಒಂದು ಜೋರು ಬ್ರೇಕಿಗೆ ಗಾಡಿ ಅಡ್ಡ ತಿರುಗುತ್ತದೆ. ದಯವಿಟ್ಟು ಆ ತಂತಿ ಬಿಚ್ಚಿಸಿ. ಪಟ್ಟಿ ಹಾಕಿಸಿದ್ದರೆ ವಾಲ್ವ್ ಸೆಟ್ಟಿಂಗ್ ಗೊತ್ತಿರುವವರ ಹತ್ತಿರ ಸರಿ ಮಾಡಿಸಿ.

ಓವರ್‌ಲೋಡ್ ಮಾಡಿದಾಗ ಮಾತ್ರ ನಾನು ಮೇಲೆ ಹೇಳಿದ ಟೈರಿನ ಮಾತು ಸ್ವಲ್ಪ ಬದಲಾಗುತ್ತದೆ. ಭಾರ ಜಾಸ್ತಿಯಾದರೆ ಟೈರಿನ ಹಿಡಿತವೂ ಜಾಸ್ತಿಯಾಗುತ್ತದೆ, ಬ್ರೇಕ್ ಮಾತ್ರ ಇದ್ದಷ್ಟೇ. ಎಷ್ಟು ಒತ್ತಿದರೂ ಗಾಲಿ ಲಾಕ್ ಆಗುವ ಹತ್ತಿರಕ್ಕೂ ಬರಲ್ಲ ಅಂದರೆ ಅಲ್ಲಿ ಬ್ರೇಕೇ ಕಡಿಮೆ ಬಿದ್ದಿದೆ. ದೊಡ್ಡ ಬ್ರೇಕಿನಿಂದ ಅಲ್ಲಿ ನಿಜವಾಗಿಯೂ ದೂರ ಕಡಿಮೆ ಆಗುತ್ತದೆ. ಆದರೆ ಆ ಭಾರ ಹೊರಲು ನಿಮ್ಮ ಆಕ್ಸಲ್, ಬೇರಿಂಗ್, ಟೈರ್ ಯಾವುದನ್ನೂ ಮಾಡಿಲ್ಲ. ಅದಕ್ಕೆ ನಾನು ಬ್ರೇಕ್ ಹಾಕಿಕೊಡುವುದಿಲ್ಲ, ಮಾಲು ಇಳಿಸಿ ಅನ್ನುತ್ತೇನೆ.

ಘಾಟ್ ದಿನವೂ ಇಳಿಯುವವರು ಖರ್ಚು ಮಾಡುವುದಾದರೆ ಬಿಸಿ ತಡೆಯುವ ಒಳ್ಳೆಯ ಪ್ಯಾಡ್ ಹಾಕಿಸಿ. ಹಳೆಯ ರಬ್ಬರ್ ಹೋಸ್ ಉಬ್ಬುತ್ತಿದ್ದರೆ ಬದಲಿಸಿ. ಹಿಂದಿನ ಲೈನರ್ ಸವೆದಿದೆಯಾ, ವೀಲ್ ಸಿಲಿಂಡರ್ ಸೋರುತ್ತಿದೆಯಾ ಅಂತ ಡ್ರಮ್ ಬಿಚ್ಚಿಸಿ ನೋಡಿ. ತೂತಿನ ಡಿಸ್ಕ್ ಬೇಡ, ಭಾರದ ಗಾಡಿಯಲ್ಲಿ ಆ ತೂತುಗಳ ಸುತ್ತಲೇ ಬಿರುಕು ಬಿಡುತ್ತದೆ.

ಹೋದ ವಾರ ಬಂದ ಹುಡುಗನ ಗಾಡಿಗೆ ಇಷ್ಟು ಮಾಡಿದೆ: ತಂತಿ ಬಿಚ್ಚಿ ವಾಲ್ವ್ ಸೆಟ್ ಮಾಡಿದೆ, ಆಯಿಲ್ ಪೂರ್ತಿ ಬದಲಿಸಿದೆ, ಹಿಂದಿನ ಬ್ರೇಕ್ ಟೈಟ್ ಮಾಡಿದೆ. ಮುಂದೆ ಹಾಕಿದ್ದ ಎರಡು ರಿಸೋಲ್ ಟೈರ್ (ಸವೆದ ಮೇಲೆ ಹೊಸ ರಬ್ಬರ್ ಹಚ್ಚಿದ್ದು) ತೆಗೆಸಿ ಹೊಸದು ಹಾಕಿಸಿದೆ. ಡಿಸ್ಕಿಗೆ ಅಂತ ತಂದಿದ್ದ ದುಡ್ಡು ಟೈರಿಗೆ ಹೋಯಿತು. ನಿನ್ನೆ ಗೋವಾದಿಂದ ಫೋನ್ ಮಾಡಿದ್ದ. ಪೆಡಲ್ ಕೊನೆಯ ತಿರುವಿನವರೆಗೂ ಗಟ್ಟಿ ಇತ್ತಂತೆ. "ಮೂರನೇ ಗೇರಿನ್ಯಾಗ ಇಳಿದೆ ಕಾಕಾ" ಅಂದ. ಮುಂದಿನ ಸಲ ಪೂರ್ತಿ ಲೋಡ್ ಇದ್ದರೆ ಎರಡರಲ್ಲಿ ಇಳಿ ಅಂತ ಹೇಳಿದ್ದೇನೆ.