ಮಾಮಾನ ಬಾಯಿ ತೆರೆಯುತ್ತಿರಲಿಲ್ಲ

ನಮ್ಮ ಮಾಮಾ ಕಲಬುರಗಿಯ ಕಾಳುಕಡಿ ಮಾರುಕಟ್ಟೆ ಗಂಜ್‌ನಲ್ಲಿ ಹಮಾಲಿ. ತೊಗರಿ ಸೀಸನ್ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಚೀಲ ಹೊರುವ ನಡುವೆ ಹಸಿವು ಗೊತ್ತಾಗಬಾರದು, ನಿದ್ದೆ ಬರಬಾರದು ಅಂತ ಬಾಯಲ್ಲಿ ಗುಟ್ಕಾ ಇರಲೇಬೇಕು. ಅಲ್ಲಿ ಹೆಚ್ಚುಕಡಿಮೆ ಎಲ್ಲರದೂ ಅದೇ ಕಥೆ.

ಕಳೆದ ವರ್ಷ ಅವರು ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನಲು ಶುರು ಮಾಡಿದರು. ಹಲ್ಲುನೋವಿರಬೇಕು ಅಂದುಕೊಂಡೆವು. ಆದರೆ ಶೇಂಗಾ ಹಿಂಡಿ ಇಲ್ಲದೆ ತುತ್ತು ಎತ್ತದ ಮನುಷ್ಯ, ಖಾರ ತಾಗಿದರೆ ಬಾಯಿ ಉರಿಯುತ್ತದೆ ಅಂತ ತಟ್ಟೆ ಸರಿಸಿದಾಗ ಅತ್ತೆ ಬಿಡಲಿಲ್ಲ. ಮೂವರೂ ಹಲ್ಲಿನ ಆಸ್ಪತ್ರೆಗೆ ಹೋದೆವು.

'ಬಾಯಿ ತೆರೀರಿ' ಅಂದರು ಡಾಕ್ಟರಮ್ಮ. ತೆರೆದರು. 'ಇನ್ನೂ ತೆರೀರಿ.'

'ಇಷ್ಟೇ ಬರ್ತದ್ರಿ ಮೇಡಂ.'

ನಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿದರೆ ಹಿಡಿಸಬೇಕಂತೆ. ಮಾಮಾನಿಗೆ ಎರಡೂ ಸರಿಯಾಗಿ ಹಿಡಿಸಲಿಲ್ಲ. ಕೆನ್ನೆಯ ಒಳಭಾಗ ಬಿಳಿಚಿ ಬಿಗಿದುಕೊಂಡಿತ್ತು. ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ, ಮುಖ್ಯ ಕಾರಣ ಅಡಿಕೆ, ತಂಬಾಕು ಸೇರಿದರೆ ಕ್ಯಾನ್ಸರ್ ಭಯ ಇನ್ನೂ ಜಾಸ್ತಿ ಅಂದರು. ಬಿಗಿದದ್ದು ಮೊದಲಿನಂತೆ ಆಗುವುದಿಲ್ಲ, ಇನ್ನಷ್ಟು ಬಿಗಿಯದಂತೆ ನೋಡಿಕೊಳ್ಳಬಹುದು ಅಷ್ಟೇ. ಒಂದು ಕಡೆ ಬಿಳಿ ಮಚ್ಚೆ ಇತ್ತು, ಅದರಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇರಲಿಲ್ಲ, ಪುಣ್ಯ.

'ನಾ ಬೀಡಿ ಸೇದಂಗಿಲ್ರಿ, ಬರೇ ಅಡಿಕಿ, ತಂಬಾಕ' ಅಂತ ಮಾಮಾ ಸಮಜಾಯಿಷಿ ಕೊಟ್ಟರು. ಹೊಗೆ ಇಲ್ಲ ಅಂದರೆ ಅಪಾಯ ಇಲ್ಲ ಅನ್ನುವುದು ನಮ್ಮ ಕಡೆ ಎಷ್ಟು ಗಟ್ಟಿ ನಂಬಿಕೆ ನೋಡಿ. ತಂಬಾಕಿಗೆ ಸುಣ್ಣ ಯಾಕೆ ತಿಕ್ಕುತ್ತಾರೆ ಅಂತ ನನಗೆ ಅವತ್ತೇ ಗೊತ್ತಾದದ್ದು: ಸುಣ್ಣ ಸೇರಿದರೆ ಚಟ ಹಿಡಿಸುವ ನಿಕೋಟಿನ್ ಬಾಯಿಯ ಚರ್ಮದಿಂದ ಬೇಗ ರಕ್ತಕ್ಕೆ ಇಳಿಯುತ್ತದೆ. 'ಎದ್ದ ಮ್ಯಾಲ ಎಷ್ಟೊತ್ತಿಗೆ ಮೊದಲನೇದು ಹಾಕ್ತೀರಿ?' ಅಂತಲೂ ಕೇಳಿದರು. ಹಾಕಿಕೊಳ್ಳದೆ ಸಂಡಾಸಿಗೇ ಹೋಗಲ್ಲ ಅಂದರು ಮಾಮಾ. ಎದ್ದ ಕೂಡಲೇ ಬೇಕು ಅನಿಸಿದರೆ ಚಟ ಆಳಕ್ಕೆ ಇಳಿದಿದೆ ಅಂತ ಅರ್ಥವಂತೆ.

ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಬಂತು. ಎರಡನ್ನೂ ಒಟ್ಟಿಗೇ ಕೊಡುತ್ತಾರೆ, ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಂಡರೆ ಮುಗೀತು. ಇದಕ್ಕೆ ನಿಷೇಧ ಅಂತ ಹೆಸರು ಬೇರೆ! ಪ್ಯಾಕೆಟ್ ಮೇಲಿನ ಕ್ಯಾನ್ಸರ್ ಚಿತ್ರ ಹರಿದು ಬಿಸಾಡೋಕೆ ಇರೋದು ಅನ್ನೋ ಹಾಗೆ ಹರೀತಾರೆ.

ಇಷ್ಟೆಲ್ಲ ಹೊತ್ತು ಅತ್ತೆ ಮಾಮಾನನ್ನು ಬೈಯುತ್ತಲೇ ಇದ್ದರು. ಡಾಕ್ಟರಮ್ಮ ಅವರ ಹಲ್ಲಿನ ಕಡೆ ನೋಡಿ, 'ನೀವು ಮಿಶ್ರಿ ಹಚ್ಚತೀರೇನ್ರಿ?' ಅಂದರು. ಅತ್ತೆ ತಟ್ಟನೆ ಸುಮ್ಮನಾದರು. 'ನಾ ಎಲ್ಲಿ ತಿಂತೀನ್ರಿ, ಹಲ್ಲ ತಿಕ್ಕೊದಷ್ಟೇ.' ಹುರಿದ ತಂಬಾಕಿನ ಪುಡಿ ಅದು. ದಿನಕ್ಕೆ ಎಷ್ಟು ಸಲ ತಿಕ್ಕುತ್ತಾರೆ ಅಂತ ಮನೆಯವರಿಗೆಲ್ಲ ಗೊತ್ತು, ತಲೆನೋವು ಬಂದರೂ ಅದೇ, ಸಿಟ್ಟು ಬಂದರೂ ಅದೇ. ಅವರನ್ನೂ ಕುರ್ಚಿ ಮೇಲೆ ಕೂರಿಸಿ ಬಾಯಿ ತೆರೆಸಿದರು. ಮಾಮಾನ ಮುಖದಲ್ಲಿ ಅವತ್ತು ಮೊದಲ ಸಲ ನಗು ಕಂಡಿತು.

ಮಾಮಾನಿಗೆ ಅಗಿಯುವುದೇ ಕಷ್ಟ, ಅದಕ್ಕೆ ನಿಕೋಟಿನ್ ಗಮ್ ಬೇಡ ಅಂತ ತೋಳಿಗೆ ಅಂಟಿಸುವ ನಿಕೋಟಿನ್ ಪಟ್ಟಿ ಬರೆದುಕೊಟ್ಟರು. ಜೊತೆಗೆ 1800-11-2356 ಅನ್ನೋ ಉಚಿತ ನಂಬರ್, ಚಟ ಬಿಡಿಸಲು ಫೋನಲ್ಲೇ ಮಾತಾಡುತ್ತಾರೆ. ಮೊದಲ ಎರಡು ಮೂರು ದಿನ ಭಾರೀ ಕಷ್ಟ ಅಂತ ಮೊದಲೇ ಹೇಳಿದ್ದರು, ಹೌದು, ಮನೆಯಲ್ಲಿ ಆ ದಿನಗಳಲ್ಲಿ ಪಾತ್ರೆಗಳೂ ಹಾರಾಡಿದವು. ಬಾಯಿ ತೆರೆಯಲು ಐಸ್‌ಕ್ರೀಂ ಕಡ್ಡಿಗಳನ್ನು ಹಲ್ಲುಗಳ ನಡುವೆ ಒಂದೊಂದಾಗಿ ಜೋಡಿಸುವ ವ್ಯಾಯಾಮ ದಿನಾ ನಡೀತಿದೆ. ಅತ್ತೆ ಕಡ್ಡಿ ಎಣಿಸುತ್ತಾರೆ, ಮಾಮಾ ಮಿಶ್ರಿ ಡಬ್ಬಿ ಎಲ್ಲಿದೆ ಅಂತ ಹುಡುಕುತ್ತಾರೆ. ಇಬ್ಬರನ್ನೂ ಮತ್ತೆ ತೋರಿಸಬೇಕು. ತೊಗರಿ ಬರೋದರೊಳಗೆ ಹೋಗಿಬರೋಣ, ಆಮೇಲೆ ನಿಮ್ಮ ಮಾಮಾ ಕೈಗೆ ಸಿಗಂಗಿಲ್ಲ ಅಂದಿದ್ದಾರೆ ಅತ್ತೆ.