ಹತ್ತೊಂಬತ್ತನೇ ವಾರದಲ್ಲಿ ಟೆಕ್ಸಾಸ್‌ಗೆ ಹೋಗಬೇಕಾ?

ನನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಅಮೆರಿಕದಿಂದ ಒಂದು ಮೇಲ್ ಬಂತು. ಹುಡುಗಿ ಅಂದೆ, ಎಂ.ಎಸ್. ಮುಗಿಸಿದ ಸ್ತ್ರೀರೋಗ ತಜ್ಞೆ ಆಕೆ. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳಾದ್ದರಿಂದ ಬಾಯಿಗೆ ಹಾಗೇ ಬರುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ತೋಟಗಳಲ್ಲಿ ಕೂಲಿಗೆ ಹೋಗುವ ಬಸುರಿಯರ ರಕ್ತಹೀನತೆ ಬಗ್ಗೆ ಎರಡು ವರ್ಷ ಓಡಾಡಿ ಲೆಕ್ಕ ಇಟ್ಟಿದ್ದಳು. ಅದನ್ನು ಒಂದು ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸಲು ಕರೆ ಬಂದಿತ್ತು. ಸಮ್ಮೇಳನ ನಡೆಯುವುದು ಟೆಕ್ಸಾಸ್‌ನಲ್ಲಿ.

ಓಪಿಡಿ ಮುಗಿದು ಕಾಫಿ ಕುಡಿಯುವಾಗ ಮೇಲ್ ತೋರಿಸಿದಳು. ನಾನು ಖುಷಿಯಿಂದ ಏನೋ ಹೇಳಲು ಹೊರಟೆ. ಅವಳು ನನ್ನ ಡ್ರಾಯರ್ ಎಳೆದು, ಬಸುರಿಯ ದಿನ ಲೆಕ್ಕ ಹಾಕುವ ರಟ್ಟಿನ ಚಕ್ರ ತೆಗೆದಳು. ಅಂಚು ಸವೆದು ಮೆತ್ತಗಾಗಿರುವ ಹಳೇ ಚಕ್ರ ಅದು. ತನ್ನದೇ ಕೊನೆಯ ಮುಟ್ಟಿನ ದಿನಕ್ಕೆ ಬಾಣ ಇಟ್ಟು, ಸಮ್ಮೇಳನದ ತಾರೀಖಿನವರೆಗೆ ಬೆರಳು ಜರುಗಿಸಿದಳು. 19 ವಾರ, 2 ದಿನ. ಅವಳು ಬಸುರಿ ಅಂತ ನನಗೆ ಗೊತ್ತಾಗಿದ್ದೇ ಹಾಗೆ.

"ಮೇಡಂ, ಅಲ್ಲಿ ನೀರು ಹೋದರೆ ಏನು ಮಾಡ್ತಾರೆ?" ಅಂತ ಕೇಳಿದಳು.

ನೀರು ಹೋಗುವುದು ಅಂದರೆ ಹೊಟ್ಟೆಯೊಳಗೆ ಮಗುವಿನ ಸುತ್ತ ಇರುವ ನೀರಿನ ಚೀಲ ದಿನ ತುಂಬುವ ಮುಂಚೆಯೇ ಒಡೆಯುವುದು. ಬೇರೆ ಯಾರಾದರೂ ಕೇಳಿದ್ದರೆ ಬಿಡ್ತು ಅನ್ನು ಅಂತಿದ್ದೆ. ಅವಳೂ ನಾನೂ ಇದನ್ನು ವಾರ್ಡಿನಲ್ಲಿ ನೋಡುವವರು.

ಮೂರು ವರ್ಷದ ಹಿಂದಿನ ಒಂದು ಆಷಾಢದ ರಾತ್ರಿ ಇಬ್ಬರಿಗೂ ನೆನಪಿದೆ. ಹೊಸನಗರದಾಚೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳನ್ನು ಕರೆತಂದಿದ್ದರು. ಮರ ಬಿದ್ದು ರಸ್ತೆ ಕಟ್ಟಿದ್ದರಿಂದ ಸುತ್ತು ಹಾಕಿ, ಮೂರು ತಾಸು ಜೀಪಿನಲ್ಲಿ ಬಂದಿದ್ದಳು. 19 ವಾರ. ಹಿಂದಿನ ದಿನವೇ ನೀರು ಹೋಗಿತ್ತು. ಮೈ ಕೆಂಡ, ನಾಡಿ 130, ಕೈ ಮುಟ್ಟಿದರೆ ನಡುಕ. ಸ್ಕ್ಯಾನ್ ಇಟ್ಟರೆ ಗರ್ಭದಲ್ಲಿ ನೀರೇ ಇಲ್ಲ, ಮಗುವಿನ ಎದೆಬಡಿತ ಮಾತ್ರ ಇನ್ನೂ ಇತ್ತು. ಅತ್ತೆ ಬಾಗಿಲ ಹತ್ತಿರ ನಿಂತು, "ಡಾಕ್ಟ್ರಮ್ಮ, ಮಗಿನ ಜೀವ ಐತಾ?" ಅಂತ ಕೇಳುತ್ತಿದ್ದರು. ಇದೆ ಅಂದೆ. ಉಳಿಯಲ್ಲ ಅಂತಲೂ ಹೇಳಿದೆ. ಆ ವಾರದಲ್ಲಿ ಹುಟ್ಟಿದ ಮಗು ಎಲ್ಲಿಯೂ ಉಳಿಯುವುದಿಲ್ಲ. ನೀರು ಹೋದ ಮೇಲೆ ಸೋಂಕು ಗರ್ಭಕ್ಕೆ ಏರುತ್ತದೆ, ಅಲ್ಲಿಂದ ರಕ್ತಕ್ಕೆ. ಗರ್ಭ ಖಾಲಿಯಾಗದೆ ಆ ಜ್ವರ ಇಳಿಯುವುದಿಲ್ಲ.

ಗರ್ಭಪಾತಕ್ಕೆ ಒಪ್ಪಿಗೆ ಬರೆಸಿಕೊಳ್ಳುವ ಫಾರಂ ಸಿ ತಂದೆವು. ನಮ್ಮ ಕಾನೂನಿನಲ್ಲಿ ಹದಿನೆಂಟು ದಾಟಿದ ಹೆಣ್ಣಿನ ಸಹಿ ಒಂದೇ ಸಾಕು, ಗಂಡನದೂ ಬೇಡ. ನಡುಗುವ ಕೈಯಲ್ಲಿ ಅವಳೇ ಹಾಕಿದಳು. ಆಂಟಿಬಯೋಟಿಕ್ ಡ್ರಿಪ್ ಹಾಕಿ, ಗರ್ಭ ಖಾಲಿ ಮಾಡಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಇಟ್ಟು, ಪಕ್ಕದಲ್ಲೇ ಕೂತೆವು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಆಯಿತು. ಮಧ್ಯಾಹ್ನ ಜ್ವರ ಇಳಿದು ಗಂಜಿ ಕೇಳಿದಳು. ಆ ರಾತ್ರಿ ವಕೀಲರಿಗೆ ಫೋನ್ ಮಾಡಬೇಕು ಅಂತ ನಮಗೆ ಒಂದು ಕ್ಷಣಕ್ಕೂ ಅನ್ನಿಸಲಿಲ್ಲ.

ಟೆಕ್ಸಾಸ್‌ನಲ್ಲಿ ಇಂಥದೇ ಪರಿಸ್ಥಿತಿ ಅಮಾಂಡಾ ಜುರಾವ್ಸ್ಕಿ ಅನ್ನುವ ಹೆಣ್ಣುಮಗಳಿಗೆ ಬಂದಿತ್ತು. 2022ರ ಆಗಸ್ಟ್, 18ನೇ ವಾರದಲ್ಲಿ ನೀರು ಹೋಯಿತು. ಎದೆಬಡಿತ ಇದೆ, ಹಾಗಾಗಿ ಏನೂ ಮಾಡುವಂತಿಲ್ಲ ಅಂದರು. ಸೋಂಕು ರಕ್ತಕ್ಕೆ ಏರಿದ ಮೇಲಷ್ಟೇ ಚಿಕಿತ್ಸೆ. ಆಕೆ ಬದುಕಿದರು, ಗರ್ಭನಾಳಕ್ಕೆ ಹಾನಿಯಾಯಿತು. ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ರೋ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ರದ್ದು ಮಾಡಿದ ಮೇಲೆ ಟೆಕ್ಸಾಸ್‌ನಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ಗರ್ಭಪಾತ ಮಾಡಿದ ವೈದ್ಯರಿಗೆ ಜೀವಾವಧಿಯವರೆಗೆ ಜೈಲು, ಕನಿಷ್ಠ 1 ಲಕ್ಷ ಡಾಲರ್ ದಂಡ, ಲೈಸೆನ್ಸ್ ರದ್ದು. ತಾಯಿಯ ಪ್ರಾಣಕ್ಕೆ ಅಪಾಯ ಇದ್ದರೆ ವಿನಾಯಿತಿ ಉಂಟು. ಅಪಾಯ ಎದುರಿಗೇ ಬಂದು ನಿಲ್ಲುವವರೆಗೆ ಕಾಯಬೇಕಿಲ್ಲ ಅಂತ 2025ರಲ್ಲಿ ಸ್ಪಷ್ಟನೆಯನ್ನೂ ಸೇರಿಸಿದ್ದಾರೆ. ಶಿಕ್ಷೆ ಮಾತ್ರ ಹಾಗೇ ಇದೆ. ತಲೆ ಮೇಲೆ ಜೀವಾವಧಿ ತೂಗುತ್ತಿರುವಾಗ ನಾಡಿ 110 ಇದ್ದರೆ ಸಾಕೋ, 130 ಆಗಬೇಕೋ ಅಂತ ವೈದ್ಯರ ಕೈ ತಡೆಯುತ್ತದೆ. ಅವರನ್ನು ನಾನು ದೂರುವುದಿಲ್ಲ. ಆದರೆ ಆ ತಡೆಯುವ ಗಂಟೆಗಳಲ್ಲೇ ಸೋಂಕು ಏರುವುದು.

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಾವಿಯ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡಿದ್ದು 2012ರ ಅಕ್ಟೋಬರ್ 28ರಂದು. 31 ವರ್ಷ, ದಂತವೈದ್ಯೆ, 17 ವಾರದ ಬಸುರಿ. ಗರ್ಭ ನಿಲ್ಲುವುದಿಲ್ಲ ಅಂತ ಗೊತ್ತಾದ ಮೇಲೆ ತೆಗೆದುಬಿಡಿ ಅಂತ ಆಕೆಯೇ ಕೇಳಿಕೊಂಡಿದ್ದರು. ಎದೆಬಡಿತ ಇದೆ ಅಂತ ತೆಗೆಯಲಿಲ್ಲ. ಆಕೆಯ ಸಾವು ಇಡೀ ದೇಶವನ್ನು ಅಲುಗಾಡಿಸಿತು. 2018ರ ಮೇ 25ರ ಜನಮತದಲ್ಲಿ ಮತ ಹಾಕಿದವರಲ್ಲಿ ಶೇ. 66ರಷ್ಟು ಜನ ಗರ್ಭಪಾತದ ನಿಷೇಧ ತೆಗೆಯಿರಿ ಅಂದರು, ಐರ್ಲೆಂಡ್ ತನ್ನ ಸಂವಿಧಾನವನ್ನೇ ತಿದ್ದಿತು. ಸವಿತಾ ತೀರಿಕೊಂಡಾಗ ನಮ್ಮ ಹುಡುಗಿ ಎಂ.ಬಿ.ಬಿ.ಎಸ್. ಓದುತ್ತಿದ್ದಳಂತೆ. ಹಾಸ್ಟೆಲಿನಲ್ಲಿ ಪೇಪರ್ ಓದಿ ಅತ್ತಿದ್ದೆವು ಅಂದಳು. ಅವಳ ಅಮ್ಮನೂ ಮರೆತಿರಲಿಲ್ಲ. "ಬೆಳಗಾವಿ ಹುಡುಗಿಗೆ ಆದದ್ದು ನೆನಪಿಲ್ವೇನೇ?" ಅಂತ ಒಂದೇ ಮಾತು ಕೇಳಿ ಸುಮ್ಮನಾದರಂತೆ.

ಅವಳು ಹೋಗಲಿಲ್ಲ. ಆ ದಿನ ಆರೋಗ್ಯವಾಗಿಯೇ ಇದ್ದಳು. ಹೋಗಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಸಾವಿರಾರು ಬಸುರಿಯರು ದಿನಾ ವಿಮಾನ ಹತ್ತುತ್ತಾರೆ. ನನ್ನನ್ನು ಕಾಡುವುದು ಬೇರೆ. ಹೆರಿಗೆ ಡಾಕ್ಟರುಗಳ ಸಭೆಗೆ ಊರು ಆರಿಸುವಾಗ, ಸಭೆಗೆ ಬರುವವರಲ್ಲೇ ಬಸುರಿಯರಿರುತ್ತಾರೆ ಅನ್ನುವುದು ಯಾರಿಗೂ ಹೊಳೆಯಲಿಲ್ಲವಾ? ನಮ್ಮ ವಿಭಾಗದಲ್ಲಿ ಈಗ ಓದುತ್ತಿರುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಅದೂ ಮದುವೆ, ಮಕ್ಕಳ ವಯಸ್ಸಿನಲ್ಲಿ. ನೋಂದಣಿ ಫಾರಂನಲ್ಲಿ ಸಸ್ಯಾಹಾರವೋ ಮಾಂಸಾಹಾರವೋ ಅಂತ ಕೇಳಿದ್ದರು. ಬಸುರಿ ಪ್ರತಿನಿಧಿಗೆ ತುರ್ತು ಬಂದರೆ ಎಲ್ಲಿಗೆ ಕರೆದೊಯ್ಯುತ್ತಾರೆ ಅನ್ನುವ ಸಾಲು ಎಲ್ಲೂ ಇರಲಿಲ್ಲ.

ಟೆಕ್ಸಾಸ್‌ನ ಹೂಸ್ಟನ್‌ನಲ್ಲಿರುವ ನನ್ನ ಬ್ಯಾಚ್‌ಮೇಟ್ ಜೊತೆ ಈ ವಿಷಯಕ್ಕೆ ಒಂದು ಗಂಟೆ ಜಗಳವೇ ಆಯಿತು. ಭದ್ರಾವತಿಯವಳು, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದಾಳೆ. "ನೀವೆಲ್ಲ ಬರೋದು ಬಿಟ್ಟರೆ ನಾವಿಲ್ಲಿ ಒಂಟಿ ಆಗ್ತೀವಿ ಕಣೇ. ಕಾನೂನು ಮಾಡಿದವರಿಗೆ ಇದರಿಂದ ಏನೂ ಆಗಲ್ಲ, ನನ್ನ ಪೇಷೆಂಟ್‌ಗಳಿಗೆ ಆಗುತ್ತೆ" ಅಂದಳು. ಅವಳ ಮಾತಿನಲ್ಲಿ ನಿಜ ಇದೆ, ಮತ್ತು ಅದು ನನ್ನ ನಿದ್ದೆ ಕೆಡಿಸಿತು. ಅಲ್ಲಿ ನಿಂತು ಕೆಲಸ ಮಾಡುವವರಿಗೆ ಬೆನ್ನು ತೋರಿಸುವುದು ನನಗೂ ಇಷ್ಟವಿಲ್ಲ. ಹೋಗಬಲ್ಲವರು ಹೋಗಲಿ, ಸಣ್ಣ ಕಾರ್ಯಾಗಾರಗಳನ್ನು ಅಲ್ಲೇ ಮಾಡಲಿ. ಕರೆದರೆ ನಾನೇ ಹೋಗುತ್ತೇನೆ, ನನಗೀಗ 49. ಆದರೆ ಬಡ್ತಿಗೆ, ಪ್ರಬಂಧಕ್ಕೆ, ಪರೀಕ್ಷೆಗೆ ಅಂತ ಚಿಕ್ಕವರು ಬರಲೇಬೇಕಾದ ಸಭೆಯನ್ನು ಅಲ್ಲಿ ಇಡಬಾರದು. ಅಮೆರಿಕದಲ್ಲೇ ಸ್ತ್ರೀರೋಗ ತಜ್ಞರಿಗೆ ಪ್ರಮಾಣಪತ್ರ ಕೊಡುವ ಮಂಡಳಿ ಇರುವುದು ಟೆಕ್ಸಾಸ್‌ನದೇ ಡಲ್ಲಾಸ್‌ನಲ್ಲಿ. ಕೊರೊನಾ ಕಾಲದಿಂದ ಆನ್‌ಲೈನ್ ನಡೆಯುತ್ತಿದ್ದ ಮೌಖಿಕ ಪರೀಕ್ಷೆಗೆ ಮತ್ತೆ ಡಲ್ಲಾಸ್‌ಗೇ ಬನ್ನಿ ಅಂದಾಗ ಅಲ್ಲಿನ ವೈದ್ಯರೇ ಬೇಡ ಅಂತ ಎದ್ದು ನಿಂತರು. ಇದು ಶಿವಮೊಗ್ಗದಲ್ಲಿ ಕೂತ ನನ್ನೊಬ್ಬಳ ಅಂಜಿಕೆಯಲ್ಲ.

ನಮ್ಮ ಕಾನೂನು ಬಹಳ ಒಳ್ಳೆಯದು ಅಂತ ಬೀಗಲು ಇದನ್ನು ಬರೆಯುತ್ತಿಲ್ಲ. 1971ರ ಗರ್ಭಪಾತ ಕಾಯ್ದೆ, ಅದಕ್ಕೆ 2021ರ ತಿದ್ದುಪಡಿ, ಅವಿವಾಹಿತೆಯರಿಗೂ 24 ವಾರದವರೆಗೆ ಅವಕಾಶ ಕೊಟ್ಟ 2022ರ ಸುಪ್ರೀಂ ಕೋರ್ಟ್ ತೀರ್ಪು, ಎಲ್ಲ ಇದೆ. ಪ್ರಾಣ ಉಳಿಸಬೇಕಾದರೆ ವಾರದ ಮಿತಿಯೇ ಇಲ್ಲ, ಒಬ್ಬ ವೈದ್ಯರ ತೀರ್ಮಾನ ಸಾಕು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಆ ಒಬ್ಬ ವೈದ್ಯರು ಮೂರು ತಾಸು ದೂರ. ಈ ಜೂನ್‌ನಲ್ಲಿ ನಮ್ಮ ಸ್ಥಳೀಯ ಸಂಘದವರು ಜುಲೈ ತಿಂಗಳ ಸಭೆಯನ್ನು ಕೊಡಚಾದ್ರಿ ತಪ್ಪಲಿನ ರೆಸಾರ್ಟಿನಲ್ಲಿ ಇಡೋಣ ಅಂದಾಗ ನಾನು ಎದ್ದು ಅದೇ ಪ್ರಶ್ನೆ ಕೇಳಿದೆ: ಅಲ್ಲಿ ರಾತ್ರಿ ಯಾರಿಗಾದರೂ ರಕ್ತ ಹೋಗಲು ಶುರುವಾದರೆ? ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಸಭೆ ಶಿವಮೊಗ್ಗ ಪೇಟೆಯಲ್ಲೇ ಆಯಿತು. ಆರು ತಿಂಗಳ ಬಸುರಿಯರು ಇಬ್ಬರು ಬಂದಿದ್ದರು.

ಟೆಕ್ಸಾಸ್ ಸಮ್ಮೇಳನದವರಿಗೆ ನಾವಿಬ್ಬರೂ ಸೇರಿ ಪತ್ರ ಬರೆದೆವು. ಮೊದಲ ಕರಡು ನನ್ನದು, ಸಿಟ್ಟು ಜಾಸ್ತಿ ಇತ್ತು, ಅವಳು ತಿದ್ದಿದಳು. ಮೂರು ಕೋರಿಕೆ ಇಟ್ಟೆವು. ಊರು ಆರಿಸುವ ಮುಂಚೆ ಅಲ್ಲಿನ ಆಸ್ಪತ್ರೆ ಇಂಥ ತುರ್ತಿಗೆ ಏನು ಮಾಡುತ್ತದೆ ಅಂತ ಲಿಖಿತವಾಗಿ ಕೇಳಿ. ಬರಲಾಗದವರು ಊರಲ್ಲೇ ಕೂತು ಪ್ರಬಂಧ ಮಂಡಿಸಿದರೆ ಅದಕ್ಕೂ ಅದೇ ಮಾನ್ಯತೆ ಕೊಡಿ. ಬಸುರಿ ಅನ್ನುವ ಕಾರಣಕ್ಕೆ ಹಿಂದೆ ಸರಿದವರ ಶುಲ್ಕ ವಾಪಸ್ ಮಾಡಿ. ಮುಂದಿನ ಸಮಿತಿ ಸಭೆಯಲ್ಲಿ ಇಡುತ್ತೇವೆ ಅಂತ ಉತ್ತರ ಬಂದಿದೆ. ಸಭೆ ಮುಂದಿನ ತಿಂಗಳು. ಹುಡುಗಿ ಈಗ ಹೆರಿಗೆ ರಜೆಯಲ್ಲಿದ್ದಾಳೆ, ರಟ್ಟಿನ ಚಕ್ರ ವಾಪಸ್ ನನ್ನ ಡ್ರಾಯರಿಗೆ ಬಂದಿದೆ. ನಿನ್ನೆ ರಾತ್ರಿ ಮಗು ಮಲಗಿಸಿ ಫೋನ್ ಮಾಡಿದ್ದಳು. ಮೊದಲು ಕೇಳಿದ್ದು ಸಮಿತಿಯಿಂದ ಮೇಲ್ ಬಂತಾ ಅಂತ.